ಉತ್ತರ ಕೆರೊಲಿನಾ ಸುತ್ತಮುತ್ತ ಬ್ಲೂಗ್ರಾಸ್ ಎಲ್ಲಿ ಕೇಳಬಹುದು, ಎಲ್ಲಿ ಕಲಿಯಬಹುದು?

ನೀವು ಮೈಸೂರಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೀರಿ. ರಾಲಿ ಪಕ್ಕದ ಕ್ಯಾರಿಗೆ ಬಂದು ನಾಲ್ಕು ತಿಂಗಳಾಯಿತು. ಹತ್ತು ವರ್ಷದ ಮಗನಿಗೆ ಬ್ಯಾಂಜೊ ಹುಚ್ಚು ಹಿಡಿದಿದೆ. ಬ್ಯಾಂಜೊ, ಪಿಟೀಲು, ಗಿಟಾರ್ ಸೇರಿಸಿ ನುಡಿಸುವ ಇಲ್ಲಿನ ಬ್ಲೂಗ್ರಾಸ್ ಸಂಗೀತದ ಕಛೇರಿ ಮುಂದಿನ ತಿಂಗಳುಗಳಲ್ಲಿ ಎಲ್ಲೆಲ್ಲಿ ಇರುತ್ತದೆ, ಕಲಿಸುವ ಶಿಬಿರಗಳು ಯಾವುವು, ನಮ್ಮಂಥವರು ಹೋದರೆ ಹೇಗೆ ನೋಡುತ್ತಾರೆ ಎಂದು ಕೇಳಿದ್ದೀರಿ.

ನಾನು ಡರ್ಹಮ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಗಿಟಾರ್ ನುಡಿಸುತ್ತೇನೆ. ನನ್ನ ಹೆಂಡತಿಯೂ ನಿಮ್ಮ ಹಾಗೆ ಊರಲ್ಲಿ ಪಿಟೀಲು ಕಲಿತವಳು. ಹಾಗಾಗಿ ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯೋಣ ಅನ್ನಿಸಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲಿಗೆ ಹೋದರೂ ಪಿಟೀಲನ್ನು ಕಾರಿನಲ್ಲಿ ಇಟ್ಟುಕೊಂಡೇ ಹೋಗಿ. ಈ ಸಂಗೀತದ ಅರ್ಧ ಭಾಗ ಮಾತ್ರ ವೇದಿಕೆಯ ಮೇಲೆ ಇರುತ್ತದೆ. ಉಳಿದರ್ಧ ಇರುವುದು ಪಾರ್ಕಿಂಗ್ ಜಾಗದಲ್ಲಿ, ಟೆಂಟುಗಳ ನಡುವೆ, ಅಂಗಡಿಯ ಜಗಲಿಯಲ್ಲಿ. ನಾಲ್ಕೈದು ಜನ ಸುತ್ತ ಕೂತು ನುಡಿಸುವ ಜಾಮ್ ಅದು. ನಾವು ಮೊದಲ ಎರಡು ವರ್ಷ ಬರೀ ಟಿಕೆಟ್ ತಗೊಂಡು ಕೇಳಿ ಬರುತ್ತಿದ್ದೆವು. ಆ ಎರಡು ವರ್ಷ ಸುಮ್ನೆ ಕಳೆದೆವಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಇನ್ನು ಎಲ್ಲಿ, ಯಾವಾಗ ಅನ್ನುವುದು. ನಾನು ತಿಂಗಳು ಹೇಳುತ್ತೇನೆ. ತಾರೀಖು ಪ್ರತಿ ವರ್ಷ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಹೊರಡುವ ಮುಂಚೆ ಅವರವರ ವೆಬ್‌ಸೈಟ್ ನೋಡಿಕೊಳ್ಳಿ.

ಮನೆ ಹತ್ತಿರದಿಂದಲೇ ಶುರು ಮಾಡಿ. ರಾಲಿಯಲ್ಲಿ ಪೈನ್‌ಕೋನ್ ಎಂಬ ಸಂಸ್ಥೆ ಇದೆ. 1984ರಿಂದ ಈ ಭಾಗದ ಜನಪದ ಸಂಗೀತಕ್ಕೆ ದುಡಿಯುತ್ತಿದೆ. ಕಛೇರಿ ಏರ್ಪಡಿಸುತ್ತಾರೆ, ಎಲ್ಲರೂ ಬಂದು ಕೂರಬಹುದಾದ ಜಾಮ್‌ಗಳನ್ನು ನಡೆಸುತ್ತಾರೆ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಬ್ಲೂಗ್ರಾಸ್ ಶಿಬಿರ ಮಾಡುತ್ತಾರೆ. ನಿಮ್ಮ ಮಗನಿಗೆ ಇದಕ್ಕಿಂತ ಒಳ್ಳೆ ಆರಂಭ ಬೇರೆ ಇಲ್ಲ. ರಾಲಿಯ ದೊಡ್ಡ ಬ್ಲೂಗ್ರಾಸ್ ಸಮ್ಮೇಳನದ ಬಗ್ಗೆ ಯಾರಾದರೂ ಹೇಳಿದರೆ, ಅದು ಹಳೆಯ ಸುದ್ದಿ. ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ಆ ವಾರ್ಷಿಕ ಸಮ್ಮೇಳನ 2013ರಿಂದ 2024ರವರೆಗೆ ಇಲ್ಲಿ ನಡೆಯಿತು. 2025ರಲ್ಲಿ ಟೆನೆಸಿಯ ಚಾಟನೂಗಕ್ಕೆ ಹೋಯಿತು. ಪಿಟ್ಸ್‌ಬರೊ ಹತ್ತಿರ ಶಕೋರಿ ಹಿಲ್ಸ್‌ನಲ್ಲಿ ವಸಂತದಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಹಬ್ಬ ಆಗುತ್ತದೆ. ಅಲ್ಲಿ ಬ್ಲೂಗ್ರಾಸ್ ಒಂದೇ ಅಲ್ಲ, ಎಲ್ಲ ಬಗೆಯೂ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಚೆನ್ನಾಗಿದೆ.

ಏಪ್ರಿಲ್ ಕೊನೆಯಲ್ಲಿ ಮರ್ಲ್‌ಫೆಸ್ಟ್. ಕ್ಯಾರಿಯಿಂದ ಕಾರಲ್ಲಿ ಸುಮಾರು ಎರಡೂವರೆ ಗಂಟೆ ದೂರದ ವಿಲ್ಕ್ಸ್‌ಬರೊದಲ್ಲಿ, ಅಲ್ಲಿನ ಕಾಲೇಜಿನ ಆವರಣದಲ್ಲಿ ನಾಲ್ಕು ದಿನ ನಡೆಯುತ್ತದೆ. ಡಾಕ್ ವಾಟ್ಸನ್ ಹೆಸರು ಕೇಳಿರಬಹುದು. ಇದೇ ಬೆಟ್ಟಸೀಮೆಯ ಡೀಪ್ ಗ್ಯಾಪ್‌ನವರು, ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಪಿಟೀಲಿನ ವರಸೆಗಳನ್ನು, ಅಂದರೆ ಇಲ್ಲಿನವರು ಟ್ಯೂನ್ ಅನ್ನುವುದನ್ನು, ಗಿಟಾರಿನ ಮೇಲೆ ಅದೇ ವೇಗದಲ್ಲಿ ನುಡಿಸಿ ತೋರಿಸಿದರು. ಅವರ ಮಗ ಮರ್ಲ್, ತಂದೆಯ ಜೊತೆಗೇ ಊರೂರು ಸುತ್ತಿ ನುಡಿಸುತ್ತಿದ್ದವರು, 1985ರಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ತೀರಿಕೊಂಡರು. ಆ ಮಗನ ನೆನಪಿಗೆ 1988ರಲ್ಲಿ ಶುರುವಾದದ್ದು ಈ ಹಬ್ಬ. ಡಾಕ್ 2012ರಲ್ಲಿ ಹೋಗುವವರೆಗೂ ಅದರ ಹಿರಿಯರಾಗಿ ಇದ್ದರು. ಒಂದೇ ಹೊತ್ತಿಗೆ ಹತ್ತಾರು ಕಡೆ ಕಾರ್ಯಕ್ರಮ ಇರುತ್ತದೆ. ದೊಡ್ಡ ವೇದಿಕೆಯ ಮುಂದೆ ಬೆಳಗಿಂದ ರಾತ್ರಿವರೆಗೆ ಕೂತುಬಿಡಬೇಡಿ. ಹಗಲು ಹೊತ್ತು ಚಿಕ್ಕ ವೇದಿಕೆಗಳಲ್ಲಿ ವಾದಕರೇ ತಮ್ಮ ಕೈಚಳಕ ಬಿಡಿಸಿ ಹೇಳಿಕೊಡುವ ವರ್ಕ್‌ಶಾಪ್‌ಗಳು ಇರುತ್ತವೆ. ಅಲ್ಲಿ ಹೋಗಿ ಮುಂದಿನ ಸಾಲಲ್ಲಿ ಕೂರಿ.

ಜೂನ್ ಮೊದಲ ವಾರಾಂತ್ಯ ಮೌಂಟ್ ಏರಿ ಎಂಬ ಊರಲ್ಲಿ ಪಿಟೀಲುಗಾರರ ಸ್ಪರ್ಧೆ. ಎರಡೂಕಾಲು ಗಂಟೆ ದಾರಿ. ಆ ಊರಿಗೆ ಸ್ಪರ್ಧೆ ಇಲ್ಲದಾಗಲೂ ಹೋಗಬಹುದು. ಅಲ್ಲಿನ ಡಬ್ಲ್ಯುಪಿಎಕ್ಯೂ ರೇಡಿಯೊ 1948ರಿಂದ ಸ್ಥಳೀಯ ವಾದಕರನ್ನು ಶನಿವಾರ ನೇರ ಪ್ರಸಾರದಲ್ಲಿ ನುಡಿಸಲು ಕರೆಯುತ್ತಿದೆ. ನಮ್ಮ ಆಕಾಶವಾಣಿಯಲ್ಲಿ ಊರಿನ ಭಜನೆ ತಂಡಗಳು ಹಾಡುತ್ತಿದ್ದ ಕಾಲ ನೆನಪಾಗುತ್ತದೆ ನನಗೆ. ಊರಿನ ಹಳೆ ಸಿನಿಮಾ ಮಂದಿರದಲ್ಲಿ ಕೂತು ಅದನ್ನು ಕಣ್ಣೆದುರೇ ನೋಡಬಹುದು.

ಅಲ್ಲಿಂದ ಮುಂದೆ ವರ್ಜೀನಿಯಾ ಗಡಿ ದಾಟಿದರೆ ಗ್ಯಾಲ್ಯಾಕ್ಸ್. ಬೆಟ್ಟಸಾಲಿನ ಮೇಲೆ ಹೋಗುವ ಬ್ಲೂ ರಿಜ್ ಪಾರ್ಕ್‌ವೇ ಎಂಬ ರಸ್ತೆಯ 213ನೇ ಮೈಲಿಗಲ್ಲಿನ ಹತ್ತಿರ ಬ್ಲೂ ರಿಜ್ ಮ್ಯೂಸಿಕ್ ಸೆಂಟರ್ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅಲ್ಲಿನ ವಾದಕರು ನೆರಳಲ್ಲಿ ಕೂತು ನುಡಿಸುತ್ತಾರೆ, ದುಡ್ಡಿಲ್ಲ. ಶನಿವಾರ ಸಂಜೆ ಬಯಲಿನಲ್ಲಿ ಟಿಕೆಟ್ ಕಛೇರಿ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಈ ಪಾರ್ಕ್‌ವೇಯನ್ನು ಅಲ್ಲಲ್ಲಿ ಕೊಚ್ಚಿಹಾಕಿತ್ತು. ಯಾವ ತುಂಡು ತೆರೆದಿದೆ ಎಂದು ನೋಡಿಯೇ ಹೊರಡಿ.

ಆಗಸ್ಟ್ ಎರಡನೇ ವಾರ ಗ್ಯಾಲ್ಯಾಕ್ಸ್‌ನಲ್ಲೇ ಓಲ್ಡ್ ಫಿಡ್ಲರ್ಸ್ ಕನ್ವೆನ್ಷನ್ ಎಂಬ ಸ್ಪರ್ಧೆ, 1935ರಿಂದ ನಡೆದು ಬಂದದ್ದು. ಫಿಡಲ್ ಅಂದರೆ ಇಲ್ಲಿ ಪಿಟೀಲೇ. ನನ್ನನ್ನು ಕೇಳಿದರೆ ವರ್ಷಕ್ಕೆ ಒಂದೇ ಕಡೆ ಹೋಗುವುದಾದರೆ ಇಲ್ಲಿಗೇ ಹೋಗಿ. ಸೋಮವಾರ ಚಿಕ್ಕವರ ಸ್ಪರ್ಧೆ. ನಿಮ್ಮ ಮಗನ ವಯಸ್ಸಿನವರು ಬ್ಯಾಂಜೊ ಹಿಡಿದು ವೇದಿಕೆ ಹತ್ತುವುದನ್ನು ಅವನು ನೋಡಬೇಕು. ಅದು ನಡೆಯುವ ಫೆಲ್ಟ್ಸ್ ಪಾರ್ಕ್ ತುಂಬ ಟೆಂಟು, ಕ್ಯಾಂಪರ್ ಗಾಡಿ. ರಾತ್ರಿ ಇಡೀ ನುಡಿಸುತ್ತಾರೆ.

ಅಲ್ಲೇ ನಡೆದ ಒಂದು ಸಂಗತಿ ನಿಮಗೆ ಹೇಳಲೇಬೇಕು. ಒಂದು ರಾತ್ರಿ ಒಂದು ಟೆಂಟಿನ ಮುಂದೆ ನಿಂತು ಕೇಳುತ್ತಿದ್ದೆವು. ಎಂಬತ್ತರ ಹತ್ತಿರದ ಅಜ್ಜ ಒಬ್ಬರು ಹೆಂಡತಿಯ ಕೈಯಲ್ಲಿದ್ದ ಪೆಟ್ಟಿಗೆ ನೋಡಿ ಕುರ್ಚಿ ಎಳೆದು ಹಾಕಿದರು. ಇವಳು ಪಿಟೀಲು ತೆಗೆದಳು. ತಂತಿಗಳು ನಮ್ಮ ಅಭ್ಯಾಸದಂತೆ ಸ ಪ ಸ ಪ ಶ್ರುತಿಯಲ್ಲೇ ಇದ್ದವು, ಷಡ್ಜ ಶ್ರುತಿಪೆಟ್ಟಿಗೆಯ ಆರರಲ್ಲಿ, ಅಂದರೆ ಇವರ ಎ ಸ್ವರದಲ್ಲಿ. ಪಾಶ್ಚಾತ್ಯ ಶ್ರುತಿಗೆ ಬದಲಾಯಿಸಬೇಕೇನೋ ಎಂದು ಬಿರಡೆಗೆ ಕೈ ಹಾಕಿದಳು. ಅಜ್ಜ ಒಮ್ಮೆ ನಾಲ್ಕೂ ತಂತಿ ಮೀಟಿಸಿ ಕೇಳಿ, ಬೇಡ ಬೇಡ, ನಮ್ಮ ಅಪ್ಪನೂ ಹೀಗೇ ಕಟ್ಟುತ್ತಿದ್ದರು ಅಂದರು. ಸಾಮಾನ್ಯವಾಗಿ ಫಿಡಲ್‌ನ ತಂತಿಗಳು ಜಿ, ಡಿ, ಎ, ಇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಪ, ಮೇಲಿನ ರಿ, ಮೇಲಿನ ದ. ಆದರೆ ಈ ಬೆಟ್ಟದವರು ಹಳೆಯ ವರಸೆಗಳಿಗೆ ದಪ್ಪ ತಂತಿ ಎರಡನ್ನೂ ಒಂದೊಂದು ಸ್ವರ ಏರಿಸಿ ಎ, ಇ, ಎ, ಇ ಮಾಡಿಕೊಳ್ಳುತ್ತಾರೆ. ಕ್ರಾಸ್ ಟ್ಯೂನಿಂಗ್ ಅನ್ನುತ್ತಾರೆ. ಅದು ನಮ್ಮ ಸ ಪ ಸ ಪ ಅಲ್ಲದೆ ಬೇರೇನೂ ಅಲ್ಲ! ಮೈಸೂರಿನಲ್ಲಿ ಗುರುಗಳು ಕಟ್ಟಿಕೊಟ್ಟ ಶ್ರುತಿಯಲ್ಲೇ ನೀವು ಇಲ್ಲಿ ಕೂರಬಹುದು. ಆವತ್ತು ಹೆಂಡತಿ ಮಧ್ಯರಾತ್ರಿ ದಾಟಿದರೂ ಏಳಲಿಲ್ಲ.

ನಿಮಗೆ ಹೊಸದಾಗಿ ಕಲಿಯಲು ಇರುವುದು ಬೇರೆ ಸಂಗತಿಗಳು. ರಾಗ ಕಷ್ಟವಾಗುವುದಿಲ್ಲ. ಎಷ್ಟೋ ವರಸೆಗಳು ಶಂಕರಾಭರಣ, ಹರಿಕಾಂಭೋಜಿ, ಮೋಹನದ ಸ್ವರಗಳಲ್ಲೇ ಓಡಾಡುತ್ತವೆ. ಆದರೆ ಗಮಕ ಕಡಿಮೆ, ಕಂಪಿತ ಬಿಡಲೇಬೇಕು. ಎರಡು ತಂತಿ ಒಟ್ಟಿಗೆ ಎಳೆಯುವುದು ಜಾಸ್ತಿ. ಎಲ್ಲದಕ್ಕಿಂತ ಕಷ್ಟ ಕಮಾನಿನದು. ಇವರ ಕಮಾನು ತಾಳವಾದ್ಯದ ಕೆಲಸವನ್ನೂ ಮಾಡುತ್ತದೆ, ಜನ ಅದಕ್ಕೆ ಕುಣಿಯಬೇಕಲ್ಲ. ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸುವ ಅಭ್ಯಾಸವೂ ಕುರ್ಚಿಯಲ್ಲಿ ನಡೆಯುವುದಿಲ್ಲ. ಕತ್ತು, ಭುಜ ಹೊಂದಿಕೊಳ್ಳಲು ಒಂದೆರಡು ತಿಂಗಳು ಬೇಕು.

ಜಾಮ್‌ಗಳಲ್ಲಿ ಎರಡು ಬಗೆ ಇದೆ, ಗೊತ್ತಿಲ್ಲದೆ ಹೋದರೆ ಗೊಂದಲ ಆಗುತ್ತದೆ. ಓಲ್ಡ್ ಟೈಮ್ ಅಂದರೆ ಬ್ಲೂಗ್ರಾಸ್‌ಗಿಂತ ಹಳೆಯ ಶೈಲಿ. ಅದರ ಜಾಮ್‌ನಲ್ಲಿ ಎಲ್ಲರೂ ಒಂದೇ ವರಸೆಯನ್ನು ಒಟ್ಟಿಗೆ, ಮತ್ತೆ ಮತ್ತೆ ನುಡಿಸುತ್ತಾರೆ. ನಮ್ಮ ಗೋಷ್ಠಿ ಗಾಯನದ ಹಾಗೆ. ಹತ್ತು ಸುತ್ತು ಕೇಳುವಷ್ಟರಲ್ಲಿ ನಿಮ್ಮ ಕೈಗೆ ಬಂದುಬಿಡುತ್ತದೆ. ಬ್ಲೂಗ್ರಾಸ್ ಜಾಮ್ ಹಾಗಲ್ಲ. 1940ರ ದಶಕದಲ್ಲಿ ಬಿಲ್ ಮನ್ರೊ ತಮ್ಮ ತಂಡದಲ್ಲಿ ಈ ಶೈಲಿ ಕಟ್ಟಿದರು. 1945ರ ಕೊನೆಗೆ ಇದೇ ರಾಜ್ಯದ ಅರ್ಲ್ ಸ್ಕ್ರಗ್ಸ್ ಮೂರು ಬೆರಳಲ್ಲಿ ಬ್ಯಾಂಜೊ ನುಡಿಸುವ ಶೈಲಿ ತಗೊಂಡು ಬಂದು ಸೇರಿದ ಮೇಲೆ ಅದಕ್ಕೆ ಈಗಿನ ರೂಪ ಬಂತು. ಇಲ್ಲಿ ಹಾಡಿನ ನಡುವೆ ಒಬ್ಬೊಬ್ಬರಿಗೂ ಸರದಿ. ಅದಕ್ಕೆ ಬ್ರೇಕ್ ಅನ್ನುತ್ತಾರೆ. ನಿಮ್ಮ ಸರದಿ ಬಂದಾಗ ಹಾಡು ನಡೆಸುವವರು ಕಣ್ಣಲ್ಲೇ ಕೇಳುತ್ತಾರೆ. ಬೇಡ ಅನ್ನಿಸಿದರೆ ತಲೆ ಆಡಿಸಿದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಬೇರೆಯವರ ಸರದಿಯಲ್ಲಿ ದನಿ ತಗ್ಗಿಸಿ. ಹಾಡು ಶುರು ಮಾಡಿದವರು ಕಾಲು ಎತ್ತಿದರೆ ಮುಗಿಸುವ ಸೂಚನೆ. ಶ್ರುತಿ ಸರಿ ಇರಲಿ. ಇಷ್ಟೇ ನಿಯಮ. ನಿಮಗೆ ಮೊದಲು ಓಲ್ಡ್ ಟೈಮ್, ಆಮೇಲೆ ಬ್ಲೂಗ್ರಾಸ್ ಎಂಬ ದಾರಿಯೇ ಸರಿ ಎಂದು ನನಗೆ ಅನಿಸುತ್ತದೆ.

ಕಲಿಸುವ ಶಿಬಿರಗಳ ಬಗ್ಗೆ ಕೇಳಿದಿರಿ. ಆಶ್‌ವಿಲ್ ಹತ್ತಿರದ ವಾರನ್ ವಿಲ್ಸನ್ ಕಾಲೇಜಿನಲ್ಲಿ ಬೇಸಿಗೆಯಲ್ಲಿ ನಡೆಯುವ ಸ್ವಾನನೋವ ಗ್ಯಾದರಿಂಗ್ ವಾರಗಟ್ಟಲೆಯದು. ಫಿಡಲ್‌ಗೆ ಒಂದು ವಾರ, ಓಲ್ಡ್ ಟೈಮ್‌ಗೆ ಒಂದು ವಾರ, ಮ್ಯಾಂಡೊಲಿನ್ ಬ್ಯಾಂಜೊಗೆ ಒಂದು ವಾರ, ಹೀಗೆ. ಊಟ ವಸತಿ ಅಲ್ಲೇ. ಹಗಲು ಪಾಠ, ರಾತ್ರಿ ಜಾಮ್. ಖರ್ಚು ಸ್ವಲ್ಪ ಜಾಸ್ತಿ, ಜಾಗ ಬೇಗ ತುಂಬುತ್ತದೆ. ಅಷ್ಟು ರಜೆ ಸಿಗದಿದ್ದರೆ ವರ್ನಿಕ್ ಮೆಥಡ್ ಎಂಬ ಹೆಸರಿನ ಜಾಮ್ ತರಗತಿಗಳನ್ನು ಹುಡುಕಿ. ಪೀಟ್ ವರ್ನಿಕ್ ಎಂಬ ಬ್ಯಾಂಜೊ ವಾದಕರು ರೂಪಿಸಿದ ಪಾಠಕ್ರಮ ಅದು. ನಾನು ಕಲಿತದ್ದು ಅಲ್ಲೇ. ಗಿಟಾರಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಯಿಸಲು ಬಂದರೆ ಸೇರಿಸಿಕೊಂಡರು, ಮೊದಲ ದಿನವೇ ಗುಂಪಿನಲ್ಲಿ ಕೂರಿಸಿದರು. ತಪ್ಪಾದರೆ ನಿಲ್ಲಿಸಬೇಡ, ಮುಂದಿನ ತಾಳಕ್ಕೆ ಸೇರಿಕೊ ಎಂದು ಕಲಿಸುತ್ತಾರೆ.

ಮಗನಿಗೆ ಈಗಲೇ ದುಬಾರಿ ಬ್ಯಾಂಜೊ ಕೊಡಿಸಬೇಡಿ. ಹಿಂದೆ ಮರದ ತಟ್ಟೆ ಇರುವ ಬ್ಲೂಗ್ರಾಸ್ ಬ್ಯಾಂಜೊ ಹತ್ತು ವರ್ಷದವನಿಗೆ ತುಂಬ ಭಾರ. ಹಿಂಬದಿ ತೆರೆದಿರುವ, ಐದು ತಂತಿಯ ಹಗುರ ಬ್ಯಾಂಜೊ ಬಾಡಿಗೆಗೆ ಸಿಕ್ಕರೆ ತಗೊಳ್ಳಿ. ಬೆಟ್ಟದ ಜಿಲ್ಲೆಗಳಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಲಿಸುವ ಜೂನಿಯರ್ ಅಪಲೇಚಿಯನ್ ಮ್ಯೂಸಿಷಿಯನ್ಸ್ ಎಂಬ ಒಳ್ಳೆ ಯೋಜನೆ 2000ದಿಂದ ಇದೆ. ಕ್ಯಾರಿಗೆ ಅದು ದೂರ. ಸ್ಕ್ರಗ್ಸ್ ಹುಟ್ಟಿದ ಸೀಮೆಯ ಶೆಲ್ಬಿ ಊರಲ್ಲಿ ಹಳೆ ನ್ಯಾಯಾಲಯದ ಕಟ್ಟಡವನ್ನು ಅವರ ಹೆಸರಿನ ಮ್ಯೂಸಿಯಂ ಮಾಡಿದ್ದಾರೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯಲ್ಲಿ ಮಿಲ್ ಸ್ಪ್ರಿಂಗ್‌ನಲ್ಲಿ ಅವರ ಹೆಸರಿನದೇ ಹಬ್ಬವಿದೆ, 2022ರಿಂದ. ಎರಡನ್ನೂ ಒಂದೇ ಸುತ್ತಿನಲ್ಲಿ ತೋರಿಸಬಹುದು.

ನಮ್ಮಂಥವರನ್ನು ಹೇಗೆ ನೋಡುತ್ತಾರೆ ಅಂದಿರಿ. ಮೊದಲ ಸಲ ನಮಗೂ ಅಳುಕಿತ್ತು. ಸುತ್ತ ಕಂದು ಬಣ್ಣದ ಮುಖ ನಮ್ಮವೆರಡೇ. ಇವತ್ತಿಗೂ ಕೆಲವು ಕಡೆ ಹಾಗೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಸಂಗೀತ ಯಾರೊಬ್ಬರದೂ ಅಲ್ಲ. ಬ್ಯಾಂಜೊ ಬಂದದ್ದೇ ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಜನರ ನೆನಪಿನಿಂದ, ಅವರ ಕೈಯಿಂದ. ಡರ್ಹಮ್ ಪಕ್ಕದ ಮೆಬೇನ್‌ನಲ್ಲಿ ಜೋ ಥಾಮ್ಸನ್ ಎಂಬ ಕಪ್ಪು ಫಿಡಲ್ ವಾದಕರಿದ್ದರು, 2012ರಲ್ಲಿ ತೀರಿಕೊಂಡರು. ಗ್ರೀನ್ಸ್‌ಬರೊದ ರಿಯಾನನ್ ಗಿಡೆನ್ಸ್ ಎಂಬಾಕೆ ಥಾಮ್ಸನ್ನರ ಮನೆಗೆ ಹೋಗಿ ಹೋಗಿ ಕಲಿತರು. ಈಗ ಲೋಕಕ್ಕೇ ಗೊತ್ತಿರುವ ಕಲಾವಿದೆ ಅವರು. 2025ರ ಏಪ್ರಿಲ್‌ನಲ್ಲಿ ಡರ್ಹಮ್‌ನಲ್ಲೇ ಬ್ಯಾಂಜೊ ಹಬ್ಬ ನಡೆಸಿದರು. ಆಶ್ ಕೌಂಟಿಯ ಟ್ರೇ ವೆಲಿಂಗ್ಟನ್ ಎಂಬ ತರುಣನ ಬ್ಯಾಂಜೊವನ್ನೂ ಮಗನಿಗೆ ಕೇಳಿಸಿ. ನಮ್ಮ ಅನುಭವದಲ್ಲಿ, ಪೆಟ್ಟಿಗೆ ತೆರೆದು ವಾದ್ಯ ಹೊರಗೆ ತೆಗೆದ ಕೂಡಲೇ ಮಾತು ಸಂಗೀತದ ಕಡೆ ಹೊರಳುತ್ತದೆ. ಪಿಟೀಲನ್ನು ಕಾರಿನಲ್ಲಿ ಇಟ್ಟುಕೊಳ್ಳಿ ಅಂದದ್ದು ಇದಕ್ಕೂ ಸೇರಿಯೇ.

ಊಟದ ವಿಷಯ. ನೀವು ಸಸ್ಯಾಹಾರಿಗಳಾದರೆ ಬೀನ್ಸ್, ಸೊಪ್ಪಿನ ಪಲ್ಯ ಕಂಡು ಮೋಸ ಹೋಗಬೇಡಿ. ಇಲ್ಲಿ ಅವನ್ನು ಹಂದಿಮಾಂಸದ ತುಂಡು ಹಾಕಿಯೇ ಬೇಯಿಸುವುದು ವಾಡಿಕೆ. ಕೇಳಿ ತಿನ್ನಿ. ನಾವು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುತ್ತೇವೆ. ಮಡಚುವ ಕುರ್ಚಿ ಮರೆಯಬೇಡಿ. ಅದಕ್ಕೆ ಕೈ ಇರಬಾರದು, ಕಮಾನು ತಾಗುತ್ತದೆ. ಬೆಟ್ಟದಲ್ಲಿ ರಾತ್ರಿ ಬೇಸಿಗೆಯಲ್ಲೂ ಚಳಿ, ಸ್ವೆಟರ್ ಇರಲಿ.

ಹೆಂಡತಿಯ ಹತ್ತಿರ ಪಿಟೀಲನ್ನು ಭುಜದ ಮೇಲೆ ಆನಿಸಲು ಹಾಕುವ ಹಳೆಯ ಶೋಲ್ಡರ್ ರೆಸ್ಟ್ ಒಂದು ಸುಮ್ಮನೆ ಬಿದ್ದಿದೆ, ನಿಮಗೆ ಕೊಡಬೇಕಂತೆ. ಹತ್ತಿರದಲ್ಲಿ ಮುಂದಿನ ಓಲ್ಡ್ ಟೈಮ್ ಜಾಮ್ ಯಾವತ್ತು ಎಂದು ನೋಡಿ ತಿಳಿಸುತ್ತೇನೆ. ಮೊದಲ ಸಲ ಒಬ್ಬರೇ ಹೋಗಲು ಸಂಕೋಚ ಆದರೆ ಹೇಳಿ, ಅವಳು ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ.