ಪಾಲಿಯೋ ಅನ್ನುವ ಕುದುರೆ ಓಟದ ದಿನವೇ ಇಟಲಿಯ ಸಿಯೆನಾಕ್ಕೆ ಹೋದರೆ ಊರಿನ ಚೌಕವನ್ನೂ ಓಟವನ್ನೂ ಒಟ್ಟಿಗೆ ನೋಡಬಹುದು ಅಲ್ವಾ?

ಬೇಡ. ನಾವೂ ಇದೇ ಲೆಕ್ಕ ಹಾಕಿದ್ದೆವು. ಫ್ಲಾರೆನ್ಸ್‌ನಲ್ಲಿ ರೂಮು, ಆಗಸ್ಟ್ 16ರ ಬೆಳಿಗ್ಗೆ ಸಿಯೆನಾಕ್ಕೆ ಬಸ್ಸು, ರಾತ್ರಿ ವಾಪಸ್. ಜೊತೆಗೆ ನಮ್ಮತ್ತೆ.

ಚೌಕದ ಮಧ್ಯೆ ನಿಂತು ನೋಡುವುದಕ್ಕೆ ದುಡ್ಡಿಲ್ಲ ಅಂತ ಓದಿದ್ದೆ. ಅಷ್ಟಕ್ಕೇ ಖುಷಿಯಾಗಿ ಮುಂದೆ ಓದಲೇ ಇಲ್ಲ, ಅಲ್ಲೇ ಕೆಟ್ಟಿತು. ಆ ಚೌಕದ, ಅಂದರೆ ಪಿಯಾಝಾ ದೆಲ್ ಕಾಂಪೋದ ಅಂಚಿಗೆ ಸುತ್ತಲೂ ಮಣ್ಣು ಹಾಸಿ ಅದನ್ನೇ ಓಟದ ಹಾದಿ ಮಾಡುತ್ತಾರೆ. ಜನ ಇರುವುದು ಒಳಗಿನ ಬೇಲಿಯೊಳಗೆ. ಹೊರಗೆ ಹೋಗಬೇಕೆಂದರೆ ಆ ಹಾದಿಯನ್ನೇ ದಾಟಬೇಕು. ಹಾಗಾಗಿ ಒಮ್ಮೆ ಮುಚ್ಚಿದರೆ ಓಟ ಮುಗಿಯುವವರೆಗೆ ನೀವು ಒಳಗೇ. ನೆರಳಿಲ್ಲ, ಶೌಚಾಲಯವಿಲ್ಲ, ಕೂರಲು ಕಾದ ಇಟ್ಟಿಗೆ ನೆಲ. ಒಳ್ಳೆ ಜಾಗ ಸಿಗಲಿ ಅಂತ ನಾವು ಮಧ್ಯಾಹ್ನವೇ ನುಗ್ಗಿದ್ದೆವು! ಅತ್ತೆಗೆ ಸಕ್ಕರೆ ಕಾಯಿಲೆ. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ಮೆರವಣಿಗೆ ಮುಗಿಯುವುದೇ ಇಲ್ಲ. ಊರಿನ 17 ಕೇರಿಗಳಲ್ಲಿ 10 ಕೇರಿಯ ಕುದುರೆಗಳು ಮೂರು ಸುತ್ತು ಓಡುತ್ತವೆ, ಜೀನಿಲ್ಲದೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಆ ಕೇರಿಗೇ ಗೆಲುವು. ಎಲ್ಲ ಸೇರಿ ಒಂದೂವರೆ ನಿಮಿಷ ಇದ್ದೀತು. ನನಗೆ ಕಂಡಿದ್ದು ಮುಂದಿನವರ ತಲೆಗಳು.

ಆ ಊರನ್ನು ಬೇರೆ ದಿನ ನೋಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ನಾವು ಆಮೇಲೆ ಇನ್ನೊಮ್ಮೆ ಹಾಗೇ ಹೋದೆವು. ಹಗಲಿನ ಬಸ್ಸುಗಳು ಹೊರಟ ಮೇಲೆ ಇಳಿಜಾರಿನ ಆ ಚೌಕದಲ್ಲಿ ಸುಮ್ನೆ ಕೂತಿರಬಹುದು. ನೆಲದ ಒಂಬತ್ತು ಪಾಲುಗಳು ಊರನ್ನು ಆಳಿದ ಒಂಬತ್ತು ಜನರ ಮಂಡಳಿಯ ಗುರುತು. ಅವರೇ ಬರೆಸಿದ ಒಳ್ಳೆಯ ಆಡಳಿತ, ಕೆಟ್ಟ ಆಡಳಿತದ ಗೋಡೆಚಿತ್ರಗಳು ಎದುರಿನ ನಗರಸಭೆ ಕಟ್ಟಡ ಪಲಾಝೋ ಪುಬ್ಲಿಕೋದಲ್ಲಿವೆ. ಚಿತ್ರಕಾರ ಲೊರೆಂಜೆಟ್ಟಿ 1338-39ರಲ್ಲಿ ಬರೆದದ್ದು, ಬಿಡಬೇಡಿ.

ಎಲ್ಲರೂ ತೊರ್ರೆ ದೆಲ್ ಮಾಂಜಾ ಗೋಪುರ ಹತ್ತಿ ಅನ್ನುತ್ತಾರೆ. ಸುಮಾರು 400 ಮೆಟ್ಟಿಲು, ಮೇಲೆ ಹೋದರೆ ಆ ಗೋಪುರವೇ ಕಾಣುವುದಿಲ್ಲ! ನಾನಾದರೆ ಊರಿನ ದೊಡ್ಡ ಚರ್ಚು ದ್ವೋಮೋ ಪಕ್ಕದ ಫಾಚಾತೋನೆ ಹತ್ತುತ್ತೇನೆ. ಚರ್ಚನ್ನು ಭಾರೀ ದೊಡ್ಡದು ಮಾಡಲು 1339ರಲ್ಲಿ ಕೆಲಸ ಶುರುವಾಯಿತು, 1348ರ ಪ್ಲೇಗು ಬಂದು ನಿಂತಿತು. ಉಳಿದ ಒಂಟಿ ಗೋಡೆ ಅದು. ಅಲ್ಲಿಂದ ಚೌಕ, ಗೋಪುರ ಎರಡೂ ಕಾಣುತ್ತವೆ.

ದ್ವೋಮೋದ ಅಮೃತಶಿಲೆಯ ಚಿತ್ರದ ನೆಲವನ್ನು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಪೂರ್ತಿ ತೆರೆದಿಡುತ್ತಾರೆ. ಪಾಲಿಯೋ ಬದಲು ಆ ದಿನಗಳನ್ನು ನೋಡಿ ಟಿಕೆಟ್ ಮಾಡಿ.