ಪ್ರತಿ: 1975ರಲ್ಲಿದ್ದ ಹುಲ್ಲುಗಾವಲು 1990ಕ್ಕೆ ಅರ್ಧ ಆಯ್ತಾ?

ಎರಡು ಉಪಗ್ರಹ ಚಿತ್ರ ಹೋಲಿಸಿದಾಗ ಹುಲ್ಲುಗಾವಲು ಅರ್ಧ ಆದಂತೆ ಕಂಡಿತು ಅಂತ ಕೇಳಿದ್ದೀರಿ. ಹುಲ್ಲು ಹೋಗಿರುವುದಕ್ಕಿಂತ, ಚಿತ್ರ ತೆಗೆದ ಸೆನ್ಸರ್ ಬದಲಾಗಿ ಹಾಗೆ ಕಂಡಿರುವ ಸಾಧ್ಯತೆಯೇ ಜಾಸ್ತಿ. ನೀವು ಹೋಲಿಸಿದ 1975ರ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಎಂಎಸ್‌ಎಸ್ ಅನ್ನುವ ಹಳೆಯ ಸೆನ್ಸರ್‌ನದು, ಅದರ ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ ಸುಮಾರು 80 ಮೀಟರ್. 1990ರದು ಟಿಎಂ ಅನ್ನುವ ನಂತರದ ಸೆನ್ಸರ್‌ನದು, ಚುಕ್ಕಿ 30 ಮೀಟರ್. ದೊಡ್ಡ ಚುಕ್ಕಿಯೊಳಗೆ ಹುಲ್ಲು, ನಾಲ್ಕು ಪೊದೆ, ಒಂದು ತುಂಡು ಹೊಲ ಎಲ್ಲ ಕಲಸಿಹೋಗಿ ಒಟ್ಟಿಗೆ ಹುಲ್ಲು ಅಂತಲೇ ಲೆಕ್ಕಕ್ಕೆ ಬಿದ್ದಿರಬಹುದು.

ಮೊದಲು ಎರಡೂ ಚಿತ್ರಗಳ ತಿಂಗಳು ನೋಡಿ. ನೀವು ಅದನ್ನು ಬರೆದಿಲ್ಲ, ಹಾಗಾಗಿ ತಿಂಗಳು ಬೇರೆ ಬೇರೆ ಇರಬಹುದು ಅನ್ನುವುದು ನನ್ನ ಊಹೆ ಅಷ್ಟೇ. ಒಂದು ಮಳೆಗಾಲ ಮುಗಿದಾಗಿನದು, ಇನ್ನೊಂದು ಬೇಸಿಗೆಯದು ಆಗಿದ್ದರೆ ಸುಮ್ನೆ ಬಿಟ್ಟುಬಿಡಿ, ಬೇರೆ ಚಿತ್ರ ಹುಡುಕಿ. ಬೇಸಿಗೆಯ ಒಣಹುಲ್ಲು ಚಿತ್ರದಲ್ಲಿ, ಬೆಳೆ ಕೊಯ್ದ ಹೊಲದ ಹಾಗೇ ಕಾಣುತ್ತದೆ. ನಾನು ಇದರಲ್ಲೇ ಎರಡು ವಾರ ಕಳೆದುಕೊಂಡಿದ್ದೇನೆ.

ತಿಂಗಳು ಸರಿಯಿದ್ದರೆ 1990ರ ಚಿತ್ರದ ಚುಕ್ಕಿಯನ್ನು 60 ಮೀಟರ್‌ಗೆ ದೊಡ್ಡದು ಮಾಡಿ, ಮೂಲ ಚುಕ್ಕಿ 80 ಮೀಟರ್ ಆದರೂ ಎಂಎಸ್‌ಎಸ್ ಕಡತಗಳು ಈಗ ಸಿಗುವುದು ಆ ಅಳತೆಗೆ ಹೊಂದಿಸಿದ ರೂಪದಲ್ಲೇ. ಎರಡರಲ್ಲೂ ಹಸಿರು, ಕೆಂಪು, ಸಮೀಪದ ಅವಕೆಂಪು (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು) ಬ್ಯಾಂಡ್, ಅಂದರೆ ಆ ಬಣ್ಣದ ಬೆಳಕಿನ ಪದರ ಮಾತ್ರ ಇಟ್ಟುಕೊಂಡು, ಯಾವ ಚುಕ್ಕಿ ಹುಲ್ಲು, ಯಾವುದು ಬೇರೆ ಅಂತ ಮತ್ತೆ ವರ್ಗೀಕರಿಸಿ.

ಆಮೇಲೂ ನಷ್ಟ ಉಳಿದರೆ, ಬದಲಾದ ಜಾಗದಲ್ಲಿ ನೂರು ಚುಕ್ಕಿ ಯಾದೃಚ್ಛಿಕವಾಗಿ ಆರಿಸಿ ಹಳೆಯ ವೈಮಾನಿಕ ಫೋಟೋ ಜೊತೆ ಕಣ್ಣಲ್ಲೇ ಹೋಲಿಸಿ, ಹುಲ್ಲಿನ ಜಾಗಕ್ಕೆ ಏನು ಬಂದಿದೆ ಅಂತ ನೋಡಿ. ಉತ್ತಿದ ನೆಲಕ್ಕೆ ನೇರ ಅಂಚು ಇರುತ್ತದೆ. ನೆಡುತೋಪಿನಲ್ಲಿ ಮರಗಳ ಸಾಲು ಕಾಣುತ್ತದೆ. ಪೊದೆ ಹಬ್ಬಿದ್ದರೆ ಹಾಗಲ್ಲ, ಹಳ್ಳದ ಬದಿಯಿಂದಲೋ ಕಾಡಿನ ಅಂಚಿನಿಂದಲೋ ತೇಪೆ ತೇಪೆಯಾಗಿ ಒಳಗೆ ಬಂದಿರುತ್ತದೆ.