ಲಕ್ಕಿ ಸೊಪ್ಪಿನ ಕಷಾಯ ಕುಡಿದರೆ ಮಂಡಿನೋವಿನ ಮಾತ್ರೆ ಬಿಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಮ್ಮನಿಗೆ ಮಂಡಿ ಸವೆದು ನೋವು, ದಿನಾ ಡೈಕ್ಲೋಫೆನಾಕ್ ನುಂಗುತ್ತಿದ್ದಾರೆ. ಲಕ್ಕಿ ಎಲೆಯ ಸಾರ ಉರಿಯೂತವನ್ನು ಹೆಚ್ಚುಕಡಿಮೆ ಡೈಕ್ಲೋಫೆನಾಕ್‌ನಷ್ಟೇ ತಗ್ಗಿಸುತ್ತದೆ, ಆಂಟಿಆಕ್ಸಿಡೆಂಟ್ ಗುಣವೂ (ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ತಡೆಯುವ ಗುಣ) ಜಾಸ್ತಿ ಎಂದು ಒಂದು ಸಂಶೋಧನಾ ಲೇಖನದಲ್ಲಿ ಓದಿದ್ದೀರಿ. ಮನೆ ಬೇಲಿಯಲ್ಲೇ ಲಕ್ಕಿ ಇದೆ. ಮಾತ್ರೆ ಬಿಡಿಸಿ ಕಷಾಯ ಕುಡಿಸಬಹುದಾ?

ಕಷಾಯ ಬೇಡ. ಸೊಪ್ಪಿನ ಶಾಖ ಧಾರಾಳವಾಗಿ ಕೊಡಿ.

ನಾನು ಫಾರ್ಮಸಿ ಓದಿದವನು. ಇಂಥ ಎಲೆ ಸಾರದ ಪ್ರಯೋಗಗಳನ್ನು ಲ್ಯಾಬಿನಲ್ಲಿ ಕೈಯಾರೆ ಮಾಡಿದ್ದೇನೆ. ಲೇಖನ ಸುಳ್ಳು ಎನ್ನುತ್ತಿಲ್ಲ. ಆದರೆ ಅದರಲ್ಲಿ ಅಳೆದದ್ದು ಏನು ಅಂತ ನೋಡಬೇಕಲ್ವಾ?

ಸಾಮಾನ್ಯವಾಗಿ ಇಲಿಯ ಹಿಂಗಾಲಿನ ಪಾದಕ್ಕೆ ಕ್ಯಾರಜೀನನ್ ಚುಚ್ಚುತ್ತಾರೆ. ಇದು ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು, ಐಸ್‌ಕ್ರೀಮಿಗೂ ಹಾಕುತ್ತಾರೆ. ಚುಚ್ಚಿದ ಮೇಲೆ ಪಾದ ಊದುತ್ತದೆ. ಸಾರ ಕುಡಿಸಿದ ಇಲಿಯಲ್ಲಿ ಆ ಊತ ಎಷ್ಟು ಕಡಿಮೆ ಎಂದು ಗಂಟೆಗೊಮ್ಮೆ ಅಳೆಯುತ್ತಾರೆ. 1962ರಿಂದ ಚಾಲ್ತಿಯಲ್ಲಿರುವ ವಿಧಾನ ಇದು. ಎಲ್ಲ ಸೇರಿ ಐದಾರು ಗಂಟೆಯ ಆಟ. ಇನ್ನೊಂದು ವಿಷಯ, ಸಾರವನ್ನು ಕುಡಿಸುವುದು ಊತ ಬರುವುದಕ್ಕೆ ಮುಂಚೆ! ವರ್ಷಗಟ್ಟಲೆ ಸವೆದ ಮಂಡಿಯ ಕತೆ ಇದಲ್ಲ.

ಈಗ ಪ್ರಮಾಣ ನೋಡಿ. ಇಂಥ ಲೇಖನಗಳಲ್ಲಿ ಸುಮಾರಾಗಿ ಕಾಣುವುದು ಹೀಗೆ: ಇಲಿಯ ಒಂದು ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ, ಹೋಲಿಕೆಗೆ 10 ಮಿಲಿಗ್ರಾಂ ಡೈಕ್ಲೋಫೆನಾಕ್. "ಸಮಾನ" ಎಂದರೂ ಸಾರ ಇಪ್ಪತ್ತು ಪಟ್ಟು ಹೆಚ್ಚು ಕೊಟ್ಟಿರುತ್ತಾರೆ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಸುಮಾರು 6ರಿಂದ ಭಾಗಿಸುವ ರೂಢಿ ಇದೆ. 60 ಕಿಲೋ ತೂಗುವವರಿಗೆ ಎರಡು ಗ್ರಾಂ ಒಣ ಸಾರ ಬೇಕಾಗುತ್ತದೆ. ನೂರು ಗ್ರಾಂ ಒಣ ಎಲೆಗೆ ಹತ್ತು ಗ್ರಾಂ ಸಾರ ಇಳಿಯಿತು ಅಂದುಕೊಂಡರೆ, ದಿನಕ್ಕೆ ಇಪ್ಪತ್ತು ಗ್ರಾಂ ಒಣ ಎಲೆ. ಲಕ್ಕಿಯ ಕಹಿ ಗೊತ್ತಿರುವವರು ಈ ಲೆಕ್ಕ ಕೇಳಿಯೇ ಮುಖ ಕಿವುಚುತ್ತಾರೆ.

ಅದೂ ಸಾಮಾನ್ಯವಾಗಿ ಮೆಥನಾಲ್ ಅಥವಾ ಎಥನಾಲ್‌ನಲ್ಲಿ ತೆಗೆದ ಸಾರ. ಎಲೆಯಲ್ಲಿರುವ ಕ್ಯಾಸ್ಟಿಸಿನ್‌ನಂಥ ಫ್ಲೇವನಾಯ್ಡ್ (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ) ಬಿಸಿನೀರಿಗಿಂತ ಆಲ್ಕೊಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಎಲೆಯಲ್ಲೇ ಇರುವ ನೆಗುಂಡೊಸೈಡ್, ಅಗ್ನುಸೈಡ್ ಥರದ ಬೇರೆ ಅಂಶಗಳು ನೀರಿಗೂ ಬರುತ್ತವೆ. ಅಂದರೆ ನಿಮ್ಮ ಕಷಾಯ ಮತ್ತು ಲ್ಯಾಬಿನ ಸಾರ ಎರಡೂ ಒಂದೇ ಅಲ್ಲ. ನೀರಿನ ಸಾರದ ಮೇಲೆ ಕೆಲಸ ನಡೆದೇ ಇಲ್ಲ ಎಂದಲ್ಲ. 2003ರಲ್ಲಿ ಶ್ರೀಲಂಕಾದವರು ಬಲಿತ ಹಸಿ ಎಲೆಯ ನೀರಿನ ಸಾರದಿಂದ ಊತ, ನೋವು ಎರಡೂ ತಗ್ಗಿದ್ದನ್ನು ತೋರಿಸಿದ್ದಾರೆ. ಅದೂ ಇಲಿಗಳಲ್ಲೇ.

ಆಂಟಿಆಕ್ಸಿಡೆಂಟ್ ಮಾತಿಗೆ ನಾನು ಇನ್ನೂ ಕಡಿಮೆ ಬೆಲೆ ಕೊಡುತ್ತೇನೆ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರ ಹಾಕುತ್ತಾರೆ, ಬಣ್ಣ ಹಳದಿಗೆ ತಿರುಗುತ್ತದೆ, ಬಣ್ಣ ಎಷ್ಟು ಇಳಿಯಿತು ಎಂದು 517 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಯಂತ್ರ ಅಳೆಯುತ್ತದೆ. ನೋಡಲು ಚೆಂದ. ಟೀ ಡಿಕಾಕ್ಷನ್ ಹಾಕಿದರೂ ಹಾಗೇ ಆಗುತ್ತದೆ! ಹೊಟ್ಟೆಗೆ ಹೋದ ಮೇಲೆ ಈ ಫ್ಲೇವನಾಯ್ಡ್‌ಗಳನ್ನು ಕರುಳು, ಲಿವರ್ ಎರಡೂ ಬಹುಪಾಲು ಬದಲಾಯಿಸಿಬಿಡುತ್ತವೆ. ಅಮೆರಿಕದ ಕೃಷಿ ಇಲಾಖೆ ಆಹಾರ ಪದಾರ್ಥಗಳ ಆಂಟಿಆಕ್ಸಿಡೆಂಟ್ ಅಂಕಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಈ ಅಂಕಕ್ಕೂ ಮನುಷ್ಯರ ಆರೋಗ್ಯಕ್ಕೂ ನಂಟು ಕಾಣುತ್ತಿಲ್ಲ ಎಂದು 2012ರಲ್ಲಿ ತೆಗೆದುಹಾಕಿತು.

ಹಾಗಂತ ಲಕ್ಕಿಯನ್ನು ಕೈಬಿಡಬೇಕಿಲ್ಲ. ಫಿಲಿಪೀನ್ಸ್‌ನಲ್ಲಿ ಇದೇ ಗಿಡ "ಲಗುಂಡಿ" ಎಂಬ ಹೆಸರಲ್ಲಿ ಕೆಮ್ಮಿನ ಸಿರಪ್, ಮಾತ್ರೆಯಾಗಿ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿನ ಆರೋಗ್ಯ ಇಲಾಖೆಯೂ ಒಪ್ಪಿದೆ. ನಮ್ಮಲ್ಲಿ ಬಾಣಂತಿ ನೀರಿಗೆ ಸೊಪ್ಪು ಹಾಕುತ್ತಾರೆ, ಬಾವು ಬಂದ ಜಾಗಕ್ಕೆ ಬಿಸಿ ಮಾಡಿ ಕಟ್ಟುತ್ತಾರೆ. ಅಮ್ಮನಿಗೂ ಅದೇ ಸಾಕು. ಸೊಪ್ಪನ್ನು ಬಾಣಲೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮಂಡಿಗೆ ಒತ್ತಿ. ಇದರಲ್ಲಿ ಎಲೆಯ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂಬ ಜಗಳ ನಮಗೆ ಬೇಡ. ಹಿತವಾದರೆ ಆಯ್ತು.

ಡೈಕ್ಲೋಫೆನಾಕ್ ಬಗ್ಗೆ ನಿಮ್ಮ ಭಯ ಮಾತ್ರ ಸರಿಯಾದದ್ದೇ. ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಏರಬಹುದು, ಕಿಡ್ನಿಗೂ ಹೃದಯಕ್ಕೂ ಒಳ್ಳೆಯದಲ್ಲ. ಮಾತ್ರೆಯ ಬದಲು ಅದೇ ಮದ್ದಿನ ಜೆಲ್ ಸಾಕಾಗುತ್ತದಾ ಎಂದು ಡಾಕ್ಟರನ್ನು ಕೇಳಿ. ಮಂಡಿನೋವಿಗೆ ಅದು ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನೂ ಕೇಳಿಕೊಂಡು ಬನ್ನಿ.

ಜೆಲ್ ಹಚ್ಚಿದ ಜಾಗಕ್ಕೆ ಮಾತ್ರ ಸೊಪ್ಪಿನ ಶಾಖ ಕೊಡಬೇಡಿ. ಬಿಸಿಗೆ ಮದ್ದು ಜಾಸ್ತಿ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಜೆಲ್, ರಾತ್ರಿ ಶಾಖ ಅಂತ ಬೇರೆ ಮಾಡಿಕೊಳ್ಳಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಗಂಟಿನ ಬಿಸಿಯನ್ನು ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ, ಅವರಿಗೆ ಸುಟ್ಟದ್ದು ಗೊತ್ತಾಗದೇ ಇರಬಹುದು.